ಬೆಳಕನ್ನು ನಡುವಿಗೆ ಬಿಡಬೇಡಿ

ಎಲ್ಲರಿಗೂ ನಮಸ್ಕಾರ.

ಈ ಪ್ಯಾಚ್ ಕಾರ್ಡ್ ನೋಡಿ, ಅಂದರೆ ಉಪಕರಣವನ್ನು ಫೈಬರ್ ಕೇಬಲ್ಲಿಗೆ ಜೋಡಿಸುವ ಗಾಜಿನೆಳೆಯ ತುಂಡು. ಮಾಮೂಲಿ ಕಿತ್ತಳೆ ಬಣ್ಣದ ಮಲ್ಟಿಮೋಡ್ ಕಾರ್ಡ್. ಆದರೆ ಒಂದು ಎಳೆಯ ತುದಿ ಮಾತ್ರ ಹಳದಿ. ಹಳದಿ, ಕಿತ್ತಳೆ ಸೇರುವಲ್ಲಿ ಗಂಟಿನ ಹಾಗೆ ಸ್ವಲ್ಪ ದಪ್ಪ. ಇವತ್ತಿನ ಮಾತೆಲ್ಲ ಈ ಗಂಟಿನದೇ.

ಮಲ್ಟಿಮೋಡ್ ಅಂದರೆ ಬೆಳಕಿಗೆ ಹಲವು ದಾರಿ ಇರುವ ಫೈಬರ್. ಅದರ ತಿರುಳು, ಅಂದರೆ ಬೆಳಕು ಸಾಗುವ ಒಳಭಾಗ, 50 ಅಥವಾ 62.5 ಮೈಕ್ರಾನ್, ಹೆಚ್ಚುಕಮ್ಮಿ ತಲೆಗೂದಲಿನಷ್ಟು. ಅಗಲ ಇದ್ದಷ್ಟೂ ಬೆಳಕಿಗೆ ದಾರಿ ಜಾಸ್ತಿ, ಅಲ್ವಾ? ನೇರ ಹೋದದ್ದು ಬೇಗ ಮುಟ್ಟುತ್ತದೆ, ಬಳಸಿ ಹೋದದ್ದು ತಡ. 100 ಮೆಗಾಬಿಟ್ ವೇಗದಲ್ಲಿ ಗಾಜಿನೊಳಗೆ ಒಂದು ಬಿಟ್ಟಿನ, ಅಂದರೆ ಮಾಹಿತಿ ಹೊತ್ತ ಒಂದು ಬೆಳಕಿನ ತುಣುಕಿನ, ಉದ್ದ ಸುಮಾರು 2 ಮೀಟರ್. ಸ್ವಲ್ಪ ಹಿಂದೆಮುಂದೆ ಆದರೂ ನಡೆಯುತ್ತಿತ್ತು. 1 ಗಿಗಾಬಿಟ್‌ಗೆ ಬಂದರೆ ಬಿಟ್ ಒಂದು ಗೇಣಿಗೂ ಕಮ್ಮಿ. 10 ಗಿಗಾಬಿಟ್‌ಗೆ ಒಂದು ಅಂಗುಲವೂ ಇಲ್ಲ. ಚೂರು ತಡವಾದರೂ ಒಂದು ಬಿಟ್ ಪಕ್ಕದ ಬಿಟ್ಟಿಗೆ ಬೆರೆಯುತ್ತದೆ.

ಇದಕ್ಕೊಂದು ಉಪಾಯ ಮಾಡಿದ್ದರು. ಜರ್ಮೇನಿಯಂ ಬೆರೆಸಿದಷ್ಟೂ ಗಾಜಿನಲ್ಲಿ ಬೆಳಕು ನಿಧಾನವಾಗುತ್ತದೆ. ಹಾಗಾಗಿ ನಡುವೆ ಜಾಸ್ತಿ, ಅಂಚಿನ ಕಡೆ ಕಡಿಮೆ ಬೆರೆಸಿದರು. ನೇರ ಹೋಗುವವನಿಗೆ ಕೆಸರುಗದ್ದೆ, ಬಳಸಿ ಹೋಗುವವನಿಗೆ ಟಾರ್ ರೋಡು. ಇಬ್ಬರೂ ಒಟ್ಟಿಗೆ ಮುಟ್ಟಬೇಕು.

ಆದರೆ ಹಳೆಯ ಫೈಬರುಗಳಲ್ಲಿ ಒಂದು ಎಡವಟ್ಟಿತ್ತು. ಗಾಜಿನ ಕೊಳವೆಯ ಒಳಮೈಗೆ ಪದರ ಪದರವಾಗಿ ಗಾಜು ಕೂರಿಸಿ, ಕಾಯಿಸಿ, ಕೊಳವೆ ಮುಚ್ಚಿ ಕಡ್ಡಿ ಮಾಡುತ್ತಿದ್ದರು. ಆ ಕಾವಿಗೆ ಕೊನೆಯ ಪದರದ, ಅಂದರೆ ಕಡ್ಡಿಯ ನಡುವಿಗೆ ಬರುವ ಪದರದ, ಜರ್ಮೇನಿಯಂ ಆಕ್ಸೈಡ್ ಆವಿಯಾಗಿ ಹೋಗುತ್ತಿತ್ತು. ಕೆಸರು ಹೆಚ್ಚಿರಬೇಕಾದ ನಟ್ಟನಡುವೆಯೇ ಕೆಸರಿಲ್ಲ!

ಎಲ್‌ಇಡಿ ಕಾಲದಲ್ಲಿ ಇದು ಅಷ್ಟಾಗಿ ಕಾಡಲಿಲ್ಲ. ಎಲ್‌ಇಡಿ ಬೆಳಕು ತಿರುಳಿನ ತುಂಬ ಚೆಲ್ಲುತ್ತದೆ, ನಡುವಿಗೆ ಬೀಳುವುದು ಚೂರೇ ಚೂರು. ಗಿಗಾಬಿಟ್‌ಗೆ ಲೇಸರ್ ಬೇಕಾಯಿತು. ಲೇಸರಿನದು ಸಣ್ಣ ಚುಕ್ಕಿ. ಅದು ಹೋಗಿ ಆ ನಡುವಿಗೇ ಬಿತ್ತು. ಕೆಲವು ಫೈಬರುಗಳಲ್ಲಿ ಒಂದು ಬಿಟ್ ಎರಡಾಗಿ ಒಡೆದು ಬರತೊಡಗಿತು.

ಕೇಬಲ್ಲುಗಳು ಆಗಲೇ ಗೋಡೆಯೊಳಗೆ, ನೆಲದಡಿ ಕೂತಿದ್ದವು. ಅವನ್ನೆಲ್ಲ ಕೀಳುವವರು ಯಾರು? ಕಂಪ್ಯೂಟರ್ ಜಾಲಕ್ಕೆ 1998ರ ಗಿಗಾಬಿಟ್ ಈಥರ್‌ನೆಟ್ ಮಾನದಂಡ ಮಾಡಿದವರು ಉದ್ದ ತರಂಗದ ಲೇಸರಿಗೆ ಬೇರೆ ದಾರಿ ಹಿಡಿದರು: ಬೆಳಕನ್ನು ಬೇಕಂತಲೇ ಪಕ್ಕಕ್ಕೆ ಬಿಡುವುದು. ಈ ಗಂಟಿನೊಳಗೆ ಇರುವುದು ಅದೇ. ಸಿಂಗಲ್‌ಮೋಡ್ ಎಳೆಯನ್ನು, ಅಂದರೆ ಬೆಳಕಿಗೆ ಒಂದೇ ದಾರಿ ಇರುವ ಸಣ್ಣ ತಿರುಳಿನ ಹಳದಿ ಎಳೆಯನ್ನು, 62.5 ಮೈಕ್ರಾನ್ ಫೈಬರಿನ ನಡುವಿನಿಂದ 17ರಿಂದ 23 ಮೈಕ್ರಾನ್ ಸರಿಸಿ ಬೆಸೆದಿದ್ದಾರೆ. ಸ್ಪ್ಲೈಸಿಂಗ್, ಅಂದರೆ ಎಳೆಗೆ ಎಳೆ ಬೆಸೆಯುವ ಕೆಲಸ, ಮಾಡುವವರಿಗೆ ನಗು ಬರಬಹುದು. ನಡುವಿಗೆ ನಡು ಕೂಡಿಸು ಅಂತ ದಿನಾ ಬೈಸಿಕೊಂಡವರು ಅವರು! ಆದರೆ ಹೀಗೆ ಸುಮ್ನೆ ಪಕ್ಕಕ್ಕೆ ಸರಿಸಿದ್ದಕ್ಕೇ ಹಳೆಯ ಫೈಬರಿನಲ್ಲಿ ಗಿಗಾಬಿಟ್ 550 ಮೀಟರ್ ಓಡಿತು.

ಆಮೇಲೆ ಗಾಜಿನ ತಯಾರಿಯೇ ಸುಧಾರಿಸಿತು. ಮಲ್ಟಿಮೋಡ್ ಫೈಬರಿನ ದರ್ಜೆಗಳಿಗೆ ಓಎಂ1, ಓಎಂ2, ಓಎಂ3 ಅಂತ ಹೆಸರು. 850 ನ್ಯಾನೊಮೀಟರ್ ಲೇಸರಿನಲ್ಲಿ 10 ಗಿಗಾಬಿಟ್ ಹಳೆಯ ಓಎಂ1 ಫೈಬರಿನಲ್ಲಿ 33 ಮೀಟರ್ ಹೋದರೆ, ಓಎಂ3ರಲ್ಲಿ 300 ಮೀಟರ್. ಅಲ್ಲಿ ಈ ಕಾರ್ಡ್ ಬೇಡ. 2006ರಲ್ಲಿ ಬಂದ ಎಲ್‌ಆರ್‌ಎಂ ಅನ್ನುವ 10 ಗಿಗಾಬಿಟ್ ಬಗೆಯಲ್ಲಿ, ಒಡೆದು ಬಂದ ಬಿಟ್ಟನ್ನು ಕೂಡಿಸುವ ಕೆಲಸ ಎಲೆಕ್ಟ್ರಾನಿಕ್ ಚಿಪ್‌ನದು. ಹಳೆಯ ಫೈಬರಿನಲ್ಲೂ 220 ಮೀಟರ್. ಆದರೂ ಓಎಂ1, ಓಎಂ2ಕ್ಕೆ ಅಲ್ಲೂ ಮೊದಲು ಹಾಕಿ ನೋಡುವುದು ಇದೇ ಕಾರ್ಡನ್ನು.

ಹಳೆಯ ರ‍್ಯಾಕಿನಲ್ಲಿ ಇಂಥದ್ದು ಸಿಕ್ಕರೆ ಎಸೆಯಬೇಡಿ. ಹಳದಿ ತುದಿ ಬೆಳಕು ಕಳಿಸುವ ಕಿಂಡಿಗೆ ಹೋಗಬೇಕು. ಬನ್ನಿ, ಮುಟ್ಟಿ ನೋಡಿ.