ಕಾಲೂರಲು ನೆಲವಿಲ್ಲದ ದೂರದರ್ಶಕ

ನಮಸ್ಕಾರ. ಹೋದ ಬೇಸಿಗೆಯಲ್ಲಿ ಗೊರೂರಿನ ಹಿನ್ನೀರಿನಲ್ಲಿ ತೆಪ್ಪ ಹತ್ತಿದ್ದೆ. ಹಿಂದೆ ಕೂತವರನ್ನು ಮಾತಾಡಿಸೋಣ ಅಂತ ಎದ್ದು ನಿಂತು ಸೊಂಟ ಬಲಕ್ಕೆ ತಿರುಗಿಸಿದೆ, ತೆಪ್ಪ ಎಡಕ್ಕೆ ತಿರುಗಿತು. "ಸುಮ್ನೆ ಕೂತ್ಕೊಳ್ಳಿ ಸ್ವಾಮಿ" ಅಂತ ಹುಟ್ಟು ಹಾಕುವವರು ಗದರಿದರು. ಬೈಸಿಕೊಂಡಿದ್ದು ನಿಜ, ಆದರೆ ಬಾಹ್ಯಾಕಾಶದಲ್ಲಿರುವ ಹಬಲ್ ದೂರದರ್ಶಕ ತಿರುಗುವುದೂ ಹೀಗೇ.

ಅಲ್ಲಿ ಕಾಲೂರಲು ನೆಲವಿಲ್ಲ, ಹುಟ್ಟು ಹಾಕಲು ನೀರಿಲ್ಲ. ಅನಿಲ ಉಗುಳಿ ತಿರುಗೋಣ ಅಂದರೆ ಅದು ಕನ್ನಡಿಗೆ ಮೆತ್ತಿಕೊಳ್ಳುವ ಭಯ. ಹಾಗಾಗಿ ಹಬಲ್‌ನ ಹೊಟ್ಟೆಯೊಳಗೆ ನಾಲ್ಕು ಚಕ್ರಗಳಿವೆ, ಒಂದೊಂದೂ 45 ಕೆಜಿ ತೂಕ. ಚಕ್ರದ ವೇಗವನ್ನು ಒಂದು ಕಡೆಗೆ ಏರಿಸಿದರೆ ದೂರದರ್ಶಕ ಇನ್ನೊಂದು ಕಡೆಗೆ ಮೆಲ್ಲಗೆ ಹೊರಳುತ್ತದೆ, ಗಡಿಯಾರದ ದೊಡ್ಡ ಮುಳ್ಳಿನ ಹಾಗೆ, ಕಾಲು ಸುತ್ತಿಗೆ ಕಾಲು ಗಂಟೆ. ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು 1982ರಿಂದ ನೋಡಿಕೊಳ್ಳುತ್ತಿರುವ ಉಪಗ್ರಹಗಳೂ ಇಂಥ ಚಕ್ರಗಳಿಂದಲೇ ಭೂಮಿಯ ಕಡೆ ಮುಖ ಮಾಡಿ ನಿಲ್ಲುವುದು.

ತಿರುಗುವುದು ಬಿಡಿ, ಅಲುಗದೆ ನಿಲ್ಲುವುದೇ ಕಷ್ಟ. ಒಂದು ಡಿಗ್ರಿಯನ್ನು 3600 ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ಸಾವಿರ ಚೂರು ಮಾಡಿದರೆ, ಹಬಲ್ ಅಂಥ ಏಳು ಚೂರಿಗಿಂತ ಜಾಸ್ತಿ ಅಲುಗುವಂತಿಲ್ಲ. ಹಾಸನದಲ್ಲಿ ನಿಂತು ಬೆಂಗಳೂರಿನಲ್ಲಿಟ್ಟ ಒಂದು ಕಾಫಿ ಬೀಜದ ಮೇಲೆ ಲೇಸರ್ ಬಿಟ್ಟರೆ ಬೆಳಕು ಬೀಜದಿಂದ ಆಚೆ ಜಾರಬಾರದು, ಅಷ್ಟು ಬಿಗಿ. 1990ರಲ್ಲಿ ಹಾರಿದ ಹೊಸದರಲ್ಲಿ ಇದು ಆಗಲಿಲ್ಲ. ನೆರಳಿನಿಂದ ಬಿಸಿಲಿಗೆ ಬಂದಾಗಲೆಲ್ಲ ಸೌರಫಲಕಗಳು ಹಿಗ್ಗಿ ನಡುಗುತ್ತಿದ್ದವು. ಬಿಸಿಲೇರಿದಾಗ ಮನೆಯ ತಗಡಿನ ಶೀಟು ಟಪ್ ಟಪ್ ಅನ್ನುತ್ತದಲ್ವಾ, ಹಾಗೆ. 1993ರಲ್ಲಿ ಗಗನಯಾತ್ರಿಗಳು ಹೋಗಿ ಬೇರೆ ಫಲಕ ಹಾಕಿ ಬಂದರು. ಎಷ್ಟು ತಿರುಗಿದೆ ಅಂತ ಅಳೆಯುವ ಜೈರೊಸ್ಕೋಪ್‌ಗಳದ್ದು ಬೇರೆಯೇ ಗೋಳು: ಒಳಗಿನ ಕೂದಲೆಳೆಯಂಥ ತಂತಿ ಸವೆದು ತುಂಡಾಗುತ್ತದೆ. 2024ರ ಜೂನ್‌ನಿಂದ ಹಬಲ್ ಒಂದೇ ಜೈರೊಸ್ಕೋಪ್ ನೆಚ್ಚಿಕೊಂಡು ಕೆಲಸ ಮಾಡುತ್ತಿದೆ.

ನನಗೆ ಹೆಚ್ಚು ಇಷ್ಟವಾಗುವುದು ಕೆಪ್ಲರ್ ಅನ್ನುವ ಇನ್ನೊಂದು ಬಾಹ್ಯಾಕಾಶ ದೂರದರ್ಶಕದ ಕಥೆ. ಅದು ಭೂಮಿಯನ್ನಲ್ಲ, ಸೂರ್ಯನನ್ನು ಸುತ್ತುತ್ತಿದ್ದದ್ದು. ನಾಲ್ಕು ಚಕ್ರಗಳಲ್ಲಿ ಒಂದು 2012ರಲ್ಲಿ ಕೆಟ್ಟಿತು, ಇನ್ನೊಂದು 2013ರ ಮೇನಲ್ಲಿ. ಕನಿಷ್ಠ ಮೂರು ಬೇಕಿತ್ತು. ರಿಪೇರಿಗೆ ಹೋಗುವಷ್ಟು ಹತ್ತಿರವೂ ಅಲ್ಲ. ಸೂರ್ಯನ ಬೆಳಕಿಗೂ ಚೂರು ತಳ್ಳುವ ಬಲವಿದೆ, ಅದನ್ನೇ ಹಿಡಿದುಕೊಂಡರು. ಹೆಂಚಿನ ಮಾಡಿನ ಎರಡೂ ಇಳಿಜಾರಿಗೆ ಮಳೆ ಸಮನಾಗಿ ಬಿದ್ದ ಹಾಗೆ, ಬೆಳಕು ಎರಡೂ ಬದಿಗೆ ಸಮ ಬೀಳುವಂತೆ ಅದನ್ನು ನಿಲ್ಲಿಸಿದರು. ಉಳಿದದ್ದನ್ನು ಎರಡು ಚಕ್ರಗಳೂ, ಇಂಧನ ಉರಿಸಿ ಆಗಾಗ ಉಗುಳುವ ಅನಿಲವೂ ಸೇರಿ ನಿಭಾಯಿಸಿದವು. 2018ರಲ್ಲಿ ಕೆಪ್ಲರ್ ಕೊನೆಗೂ ಕೆಲಸ ನಿಲ್ಲಿಸಿದ್ದು ಇಂಧನ ಖಾಲಿಯಾಗಿ, ಚಕ್ರ ಕೆಟ್ಟು ಅಲ್ಲ.