ಟಿಕೆಟ್‌ನಲ್ಲಿರುವ ಎರಡೂಮುಕ್ಕಾಲು ಗಂಟೆಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಿಂದ ದೆಹಲಿ ಎಷ್ಟು ದೂರ? ರಸ್ತೆ ಹಿಡಿದರೆ 2,100 ಕಿಲೋಮೀಟರ್ ದಾಟುತ್ತದೆ. ಆಕಾಶದಲ್ಲಿ ಅಷ್ಟಿಲ್ಲ, ಕಾಗದ ಪೆನ್ನು ಇದ್ದರೆ ನೀವೇ ಲೆಕ್ಕ ಹಾಕಬಹುದು. ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ದೇವನಹಳ್ಳಿಯ ವಿಮಾನ ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ದೆಹಲಿಯದು 28.6ರಲ್ಲಿ. ವ್ಯತ್ಯಾಸ 15.4 ಡಿಗ್ರಿ. ಡಿಗ್ರಿಗೆ 111 ಕಿಲೋಮೀಟರ್‌ನಂತೆ ಗುಣಿಸಿದರೆ ಸುಮಾರು 1,700 ಬರುತ್ತದೆ.

ಈ ದಾರಿಯಲ್ಲಿ ಹೆಚ್ಚಾಗಿ ಓಡುವ ಏರ್‌ಬಸ್ 320ರಂಥ ಜೆಟ್, 35,000 ಅಡಿ ಎತ್ತರದಲ್ಲಿ ಗಂಟೆಗೆ 830 ಕಿಲೋಮೀಟರ್ ಆಸುಪಾಸಿನಲ್ಲಿ ಹಾರುತ್ತದೆ. ಭಾಗಿಸಿ ನೋಡಿ, ಎರಡು ಗಂಟೆ ಮೂರು ನಿಮಿಷ. ಆದರೆ ಟಿಕೆಟ್‌ನಲ್ಲಿ ಎರಡೂಮುಕ್ಕಾಲು ಗಂಟೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಇರುತ್ತದೆ.

ಟಿಕೆಟ್‌ನ ಸಮಯ ಬರೀ ಹಾರಾಟದ್ದಲ್ಲ. ಗೇಟಿನಿಂದ ವಿಮಾನ ಕದಲಿದ ಕ್ಷಣದಿಂದ ಆ ಊರಿನ ಗೇಟಿನಲ್ಲಿ ನಿಲ್ಲುವವರೆಗಿನದು. ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ಹಿಂದಕ್ಕೆ ತಳ್ಳಿಸಿಕೊಂಡು, ಎಂಜಿನ್ ಶುರು ಮಾಡಿ, ರನ್‌ವೇ ತನಕ ಸಾಗಿ, ಸರದಿ ಬರುವಷ್ಟರಲ್ಲಿ ಹದಿನೈದು ನಿಮಿಷ ಸುಲಭವಾಗಿ ಹೋಗುತ್ತದೆ. ಇಳಿದ ಮೇಲೆ ಇನ್ನೊಂದು ಹತ್ತು. ಮೇಲೇರುವಾಗಲೂ ಇಳಿಯುವಾಗಲೂ ಪೂರ್ತಿ ವೇಗ ಇರುವುದಿಲ್ಲ. ಇಳಿಯುವ ತಯಾರಿಯಂತೂ ಊರು ಇನ್ನೂ ಇನ್ನೂರು ಕಿಲೋಮೀಟರ್ ದೂರ ಇರುವಾಗಲೇ ಶುರು. ಇನ್ನೊಂದು ತಮಾಷೆ ಇದೆ: ದೆಹಲಿ ಇರುವುದು ನೇರ ಉತ್ತರಕ್ಕೆ, ನಮ್ಮ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮಕ್ಕೆ. ದೆಹಲಿಯವೂ ಸುಮಾರಾಗಿ ಹಾಗೇ. ಅಲ್ಲಿಗೆ ಎರಡೂ ಕಡೆ ಒಂದೊಂದು ತಿರುವು.

ಹೀಗೆ ಸೇರುವ ಮುಕ್ಕಾಲು ಗಂಟೆ ದೂರ ಕಡಿಮೆಯಾದರೂ ಅಷ್ಟಾಗಿ ಕರಗುವುದಿಲ್ಲ. ಮುಂಬೈ ಕೇವಲ 830 ಕಿಲೋಮೀಟರ್, ದೆಹಲಿಯ ಅರ್ಧಕ್ಕಿಂತ ಕಡಿಮೆ ದೂರ. ಸಮಯ ಮಾತ್ರ ಅರ್ಧ ಆಗುವುದಿಲ್ಲ, ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ. ಹತ್ತಿರದ ಊರುಗಳಿಗೆ ಹೋಗುವ ಎಟಿಆರ್, ರೆಕ್ಕೆಯಲ್ಲಿ ಪ್ರೊಪೆಲ್ಲರ್ ಇರುವ ವಿಮಾನ. ಅದರ ಲೆಕ್ಕ ಹಾಕುವಾಗ ಜೆಟ್‌ನ ವೇಗದ ಬದಲು ಗಂಟೆಗೆ 500 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ.

ವಿದೇಶಕ್ಕೆ ಹೊರಟವರು ಎಡವುವುದು ಗಡಿಯಾರದಲ್ಲಿ. ಟಿಕೆಟ್ ಮೇಲಿನ ಸಮಯ ಆಯಾ ಊರಿನದು. ಬೆಳಿಗ್ಗೆ ಹತ್ತಕ್ಕೆ ಇಲ್ಲಿಂದ ಹೊರಟು ಹನ್ನೆರಡೂವರೆಗೆ ದುಬೈ ಅಂತಿದ್ದರೆ ಅದು ಎರಡೂವರೆ ಗಂಟೆಯ ಪಯಣವಲ್ಲ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಆದ್ದರಿಂದ ನಾಲ್ಕು ಗಂಟೆ. ವಾಪಸು ಬರುವಾಗ, ಅದರಲ್ಲೂ ಚಳಿಗಾಲದಲ್ಲಿ, ಪಶ್ಚಿಮದ ಗಾಳಿ ಬೆನ್ನಿಗೆ ಸಿಕ್ಕರೆ ಮೂರೂವರೆಗೇ ಮುಗಿಯಬಹುದು. ಟಿಕೆಟ್‌ನಲ್ಲಿ ಮಾತ್ರ ಐದು ಗಂಟೆ ಅನ್ನುವಂತೆ ಕಾಣುತ್ತದೆ!

ಇನ್ನು ಮನೆಯಿಂದ ನಿಲ್ದಾಣದ ದಾರಿ. ಮೆಜೆಸ್ಟಿಕ್‌ನಿಂದಲೇ 35 ಕಿಲೋಮೀಟರ್ ಮೇಲಾಗುತ್ತದೆ. ಜಯನಗರ, ಬನಶಂಕರಿ ಕಡೆಯವರು ಸಂಜೆ ಹೊತ್ತು ಹೆಬ್ಬಾಳದ ಮೇಲ್ಸೇತುವೆ ದಾಟಬೇಕಾದರೆ ಎರಡು ಗಂಟೆ ಎತ್ತಿಡಿ. ದೇಶದೊಳಗಿನ ಪ್ರಯಾಣಕ್ಕೆ ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತದೆ, ಗೇಟು ಇಪ್ಪತ್ತೈದು ನಿಮಿಷ ಮುಂಚೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಮೊದಲ ವಿಮಾನ ಹಿಡಿದು, ದೆಹಲಿಯಿಂದ ಬೇರೆ ಟಿಕೆಟ್‌ನಲ್ಲಿ ಮುಂದೆ ಹೋಗುವವರು ನಡುವೆ ನಾಲ್ಕು ಗಂಟೆಯಾದರೂ ಬಿಡಿ. ಅಲ್ಲಿ ಮಂಜು ಕವಿದರೆ ವಿಮಾನವನ್ನು ಇಲ್ಲೇ ತಡೆದು ನಿಲ್ಲಿಸುತ್ತಾರೆ. ಬೇರೆ ಟಿಕೆಟ್ ಆದ್ದರಿಂದ ತಪ್ಪಿಹೋದ ಎರಡನೇ ವಿಮಾನದ ಹೊಣೆ ಮೊದಲನೇ ಕಂಪನಿಯದಲ್ಲ.

ನಮಸ್ಕಾರ.