ಗಂಡೇ ಇಲ್ಲದ ಸೂರ್ಯನ ಕುದುರೆ

ಕಾಣಿಸ್ತಾ? ಬಲಗಡೆ ಇರೋ ಹಸಿರು ಕಡ್ಡಿ. ಅದು ಕಡ್ಡಿಯಲ್ಲ, ಬ್ರನ್ನೇರಿಯಾ ಬೊರಿಯಾಲಿಸ್ ಅನ್ನೋ ಸೂರ್ಯನ ಕುದುರೆ, ಅಂದ್ರೆ ಮ್ಯಾಂಟಿಸ್. ಟೆಕ್ಸಸ್‌ನ ಈ ಎತ್ತರದ ಹುಲ್ಲಲ್ಲಿ ಇವಳನ್ನ ಹುಡುಕೋದೇ ಒಂದು ಕೆಲಸ. ಇವಳು ಅಂತ ಹೇಳೋಕೆ ತಿರುಗಿಸಿ ನೋಡ್ಬೇಕಾಗಿಲ್ಲ. ಈ ಜಾತೀಲಿ ಗಂಡು ಇಲ್ವೇ ಇಲ್ಲ.

ಅರೆ, ಫೋಕಸ್ ಮತ್ತೆ ಹೋಯ್ತು. ನೋಡಿ, ಹುಳು ಎದುರಿಗೇ ಇದೆ, ಈ ಕ್ಯಾಮೆರಾ ಹಿಂದಿನ ಹುಲ್ಲೆಸಳನ್ನ ಹಿಡ್ಕೊಂಡು ಕೂತಿದೆ. ಗಾಳಿ ಬೀಸಿದ್ರಂತೂ ಮುಗೀತು. ಹುಲ್ಲು ಎಡಕ್ಕೆ ವಾಲಿದ್ರೆ ಇವಳೂ ಎಡಕ್ಕೆ, ಬಲಕ್ಕೆ ವಾಲಿದ್ರೆ ಬಲಕ್ಕೆ. ಆಟೋ ಆಫ್ ಮಾಡಿ ರಿಂಗ್ ತಿರುಗಿಸೋಷ್ಟರಲ್ಲಿ ಎಸಳಿನ ಆ ಬದಿಗೆ ಜಾರಿರ್ತಾಳೆ. ಇಷ್ಟು ದುಡ್ಡು ಕೊಟ್ಟು ತಗೊಂಡ ಲೆನ್ಸ್ ಹುಲ್ಲು ಯಾವುದು ಹುಳು ಯಾವುದು ಅಂತ ಗುರುತಿಸಲ್ಲ ಅಂದ್ರೆ ಸಿಟ್ಟು ಬರುತ್ತೆ. ಹಾಂ, ಬಂತು! ಮುಂಗಾಲು ನೋಡಿ, ಎಷ್ಟು ಸಣ್ಣ. ಕತ್ತಿನ ಅಂಚಲ್ಲಿ ಗರಗಸದ ಹಲ್ಲು.

ಏನು ಹೇಳ್ತಿದ್ದೆ? ಗಂಡು. 1896ರಲ್ಲೇ ಸ್ಕಡರ್ ಅನ್ನೋ ಕೀಟಶಾಸ್ತ್ರಜ್ಞ ಇದಕ್ಕೆ ಹೆಸರಿಟ್ಟ, ಇವತ್ತಿಗೂ ಒಂದು ಗಂಡು ಸಿಕ್ಕಿಲ್ಲ. ದಕ್ಷಿಣ ಅಮೆರಿಕದಲ್ಲಿರೋ ಇದರ ಸಂಬಂಧಿಗಳಲ್ಲಿ ಗಂಡು ಇವೆ. ಬೇರೆ ಕೆಲವು ಮ್ಯಾಂಟಿಸ್‌ಗಳೂ ಗಂಡು ಸಿಗದಿದ್ದಾಗ ಒಂಟಿಯಾಗಿ ಮರಿ ಮಾಡೋದುಂಟು. ಇವಳಿಗೆ ಅದೊಂದೇ ದಾರಿ. ಮೊಟ್ಟೆ ಫಲಿತವಾಗದೇ ಬೆಳೆಯುತ್ತೆ, ಹುಟ್ಟೋದೆಲ್ಲ ಹೆಣ್ಣು.

ನನಗಂತೂ ಇದು ಒಳ್ಳೇ ಏರ್ಪಾಡು ಅನ್ಸುತ್ತೆ. ಜೊತೆಗಾರನ್ನ ಹುಡುಕೋ ಅಲೆದಾಟ ಇಲ್ಲ, ಒಬ್ಬಳು ಬದುಕಿದ್ರೂ ವಂಶ ಬೆಳೆಯುತ್ತೆ. ಆದ್ರೆ ಎರಡು ಕಡೆಯ ಗುಣ ಬೆರೆಯೋ ಅವಕಾಶವೇ ಇಲ್ವಲ್ಲ. ಹೊಸ ರೋಗ ಬಂದ್ರೆ ತಡ್ಕೊಳ್ಳೋಕೆ ಬೇರೆ ಥರದವರು ಯಾರಿರ್ತಾರೆ? ಇಲ್ಲ, ಹಾಗೆ ಯೋಚಿಸಿದ್ರೆ ಇದು ಅಪಾಯದ ಬದುಕೇ. ಆದ್ರೂ ಹಾರೋಕೂ ಬರದ ಇವಳು ಇಲ್ಲಿಂದ ಫ್ಲೋರಿಡಾ, ನಾರ್ತ್ ಕೆರೊಲಿನಾ ತನಕ ಇದ್ದಾಳೆ. ಗಟ್ಟಿಗಿತ್ತಿ.

ಓ, ರೆಕ್ಕೆ ಎತ್ತಿದ್ಲು! ಮೋಟು ರೆಕ್ಕೆ, ಹೆದರಿಸೋಕಷ್ಟೇ. ಹತ್ತಿರ ಹೋಗಲ್ಲಮ್ಮಾ, ಇರು.

ಬ್ಯಾಟರಿ ಕೆಂಪಗಾಯ್ತು, ಬೇಗ ಬನ್ನಿ ಈ ಕಡೆ. ಇದು ಮೊಟ್ಟೆಗೂಡು. ತುದಿ ಚೂಪಾಗಿದೆ ನೋಡಿ. ಬೇರೆ ಮ್ಯಾಂಟಿಸ್ ಮರಿಗಳು ಗುಂಪಾಗಿ ಹೊರಬೀಳ್ತವೆ. ಇವು ಅಲ್ಲಿರೋ ಒಂದೇ ತೂತಿಂದ ಸ್ವಲ್ಪ ಸ್ವಲ್ಪವಾಗಿ ಬರ್ತವೆ, ವಾರಗಟ್ಟಲೆ. ಗೂಡಿರೋ ಕಡ್ಡಿ ಮುರಿಯಲ್ಲ, ಇಲ್ಲೇ ಇರ್ಲಿ.